ಊರುಭಂಗದಲ್ಲಿ ತಂದೆಯ ತೊಡೆ

ಪೌರುಷವೆಂಬ ಶಬ್ದವು ಕಿವಿಗೆ ಬಿದ್ದೊಡನೆ ಲೋಕದ ಮನಸ್ಸು ಭುಜಬಲದ ಕಡೆಗೂ ಗದೆ ಬಿಲ್ಲುಗಳ ಕಡೆಗೂ ಹರಿಯುವುದು ಸಹಜ. ದ್ಯೂತಸಭೆಯಲ್ಲಿ ದ್ರೌಪದಿಗೆ ತನ್ನ ತೊಡೆಯನ್ನು ತೆರೆದು ತೋರಿಸಿದ ಕೌರವೇಂದ್ರನೂ ಅದನ್ನೇ ಗಂಡಸುತನವೆಂದು ಬಗೆದಿದ್ದನು. ಅದನ್ನು ಮುರಿಯುವೆನೆಂದು ಭೀಮನು ಪ್ರತಿಜ್ಞೆಗೈದುದೂ ಕಡೆಗೆ ಮುರಿದುದೂ ಎಲ್ಲರೂ ಬಲ್ಲ ಕಥೆ. ಆದರೆ ಆ ತೊಡೆ ಇನ್ನೊಬ್ಬರಿಗೂ ಬೇಕಾಗಿದ್ದಿತೆಂಬುದನ್ನು ಕಂಡವನು ‘ಊರುಭಂಗ’ದ ಕವಿ.

1912ರಲ್ಲಿ ತ. ಗಣಪತಿಶಾಸ್ತ್ರಿಗಳು ತಿರುವನಂತಪುರದಲ್ಲಿ ಪ್ರಕಟಿಸಿದ ರೂಪಕಗಳಲ್ಲಿ ಇದೂ ಒಂದು. ಕೃತಿಯಲ್ಲಿ ಕರ್ತೃವಿನ ಹೆಸರಿಲ್ಲ. ಭಾಸನದೆಂದು ಶಾಸ್ತ್ರಿಗಳು ಹೇಳಿದರು, ಕೆಲವು ಪಂಡಿತರು ಒಪ್ಪಲಿಲ್ಲ. ಆ ವಾದವು ಹಾಗಿರಲಿ. ಏಕಾಂಕವಾದ ಈ ನಾಟಕದಲ್ಲಿ ನಾಯಕನು ರಂಗದ ಮೇಲೆಯೇ ಪ್ರಾಣಬಿಡುತ್ತಾನೆ. ಲಾಕ್ಷಣಿಕರ ನಿಷೇಧಕ್ಕೆ ಕವಿ ಕಿವಿಗೊಟ್ಟಿಲ್ಲ.

ಭೀಮನನ್ನು ಕೊಲ್ಲಲೆಳಸುವ ಬಲರಾಮನನ್ನು ದುರ್ಯೋಧನನು ತಡೆಯುತ್ತಿರುವಾಗಲೇ ಮನೆಮಂದಿಯು ರಣಭೂಮಿಗೆ ಬರುತ್ತದೆ. ಕುರುಡ ತಂದೆ, ಕಣ್ಣು ಕಟ್ಟಿಕೊಂಡ ತಾಯಿ, ಮಾಲವೀ ಪೌರವೀ ಎಂಬ ಮಡದಿಯರು, ಎಳೆಯ ಮಗ ದುರ್ಜಯ. ವ್ಯಾಸರ ಗದಾಪರ್ವದಲ್ಲಿ ಈ ಸಮಾಗಮವಿಲ್ಲ. ಮಗನು ತಂದೆಯನ್ನು ಕಂಡುಹಿಡಿದು, ದಣಿದೆನೆಂದು ಎಂದಿನಂತೆ ತೊಡೆಯೇರಲು ಬರುತ್ತಾನೆ. ದೊರೆಯು ಬೇಡವೆನ್ನುತ್ತಾನೆ. ಏಕೆಂದು ಕೇಳಿದರೆ, ಆ ಪರಿಚಿತವಾದ ಪೀಠವು ಇಂದಿನಿಂದ ನಿನಗಿಲ್ಲ, ಬೇರೆಲ್ಲಿಯಾದರೂ ಕುಳಿತುಕೊ ಎನ್ನುತ್ತಾನೆ. ಎಲ್ಲಿಗೆ ಹೋಗುವೆಯೆಂದರೆ, ನೂರುಮಂದಿ ತಮ್ಮಂದಿರ ಬಳಿಗೆಂದು ಉತ್ತರ. ನನ್ನನ್ನೂ ಕರೆದೊಯ್ಯೆಂದು ಮಗು ಹಟ ಹಿಡಿದಾಗ, ಹೋಗಿ ಇದನ್ನು ವೃಕೋದರನಿಗೆ ಹೇಳೆಂದುಬಿಡುತ್ತಾನೆ. ಕನ್ನಡಿಗರಿಗೆ ಇಲ್ಲಿ ರನ್ನನ ನೆನಪಾಗದಿರದು. ಅಲ್ಲಿ ಮಡಿದ ಮಗನನ್ನು ಕಂಡು ತಂದೆ ಮರುಗುವನು; ಇಲ್ಲಿ ಮಡಿಯುತ್ತಿರುವ ತಂದೆಯ ಅರ್ಥವೇ ಮಗನಿಗಾಗದು.

ತಂದೆಗೆ ನಮಸ್ಕರಿಸಲು ಏಳಹೋಗಿ ಬಿದ್ದಾಗ ಅರಸನು ಅದನ್ನು ಎರಡನೆಯ ಪೆಟ್ಟೆಂದು ಕರೆಯುತ್ತಾನೆ. ಭೀಮನು ತೊಡೆಗಳೊಡನೆ ಗುರುಪಾದವಂದನೆಯನ್ನೂ ಕಸಿದುಕೊಂಡನಲ್ಲಾ ಎಂಬುದು ಅವನ ಅಳಲು. ರಾಜ್ಯ ಹೋದುದಕ್ಕೆ ಅಷ್ಟು ಹಲುಬದವನು ಇದಕ್ಕೆ ಹಲುಬುತ್ತಾನೆ. ಮಗನ ಆಸನವಾಗಿಯೂ ಹಿರಿಯರೆದುರು ಬಾಗುವ ಅಂಗವಾಗಿಯೂ ತೊಡೆಯ ಬೆಲೆ ಅವನಿಗೆ ತಿಳಿಯುವುದು ಅದು ಮುರಿದ ಬಳಿಕವೇ.

ಹಾಗೆಂದು ಅವನು ಸರ್ವಥಾ ಬದಲಾದನೆನ್ನುವ ವಿಮರ್ಶಕರ ಮಾತನ್ನು ಪೂರ್ತಿಯಾಗಿ ಒಪ್ಪುವಂತಿಲ್ಲ. ಬೆನ್ನು ತೋರದೆ ಕಾದಿದವನ ಪತ್ನಿಯು ಕ್ಷತ್ರಿಯಳಾಗಿಯೂ ಅಳುವುದೇಕೆಂದು ಮಾಲವಿಯನ್ನು ಕೇಳುವವನೂ ಅವನೇ. ತಾನು ಎಳೆಯಳು, ಧರ್ಮಪತ್ನಿ, ಅದಕ್ಕೇ ಅಳುತ್ತೇನೆಂದು ಅವಳು ಹೇಳುತ್ತಾಳೆ. ವೀರಧರ್ಮದ ಅಷ್ಟು ದೊಡ್ಡ ಶ್ಲೋಕಕ್ಕೆ ಇಷ್ಟು ಸಣ್ಣ ಉತ್ತರ! ಪೌರವಿಯಾದರೋ ಅಗ್ನಿಪ್ರವೇಶವನ್ನು ನಿಶ್ಚಯಿಸಿರುವುದರಿಂದ ಅಳುವುದಿಲ್ಲ. ಗಂಡಸಿನ ಅಭಿಮಾನಕ್ಕೆ ಮನೆಯ ಹೆಂಗಸರು ತೆರುವ ಬೆಲೆಯನ್ನು ಕವಿ ವ್ಯಾಖ್ಯಾನವಿಲ್ಲದೆ ಹೇಳಿಬಿಟ್ಟಿದ್ದಾನೆ.

ಆದರೂ ಮಗನಿಗೆ ಕೊಡುವ ಉಪದೇಶದಲ್ಲಿ ಬೇರೊಬ್ಬ ದುರ್ಯೋಧನನಿದ್ದಾನೆ. ಪಾಂಡವರನ್ನು ತನ್ನಂತೆಯೇ ಸೇವಿಸಬೇಕು, ಕುಂತಿಯ ಮಾತನ್ನು ನಡೆಸಬೇಕು, ಅಭಿಮನ್ಯುವಿನ ತಾಯಿಯನ್ನೂ ದ್ರೌಪದಿಯನ್ನೂ ತಾಯಿಯಂತೆ ಕಾಣಬೇಕು; ಯುಧಿಷ್ಠಿರನ ತೋಳನ್ನು ಮುಟ್ಟಿ, ಪಾಂಡವರೊಡನೆ ತನಗೆ ತರ್ಪಣ ಬಿಡಬೇಕು. ಯಾವ ದ್ರೌಪದಿ ಎಂಬುದನ್ನು ವಾಚಕರು ಒಮ್ಮೆ ನೆನೆಯಲಿ.

ಅಷ್ಟರಲ್ಲಿ ಅಶ್ವತ್ಥಾಮನು ಬರುತ್ತಾನೆ. ಸೇಡು ಬೇಡವೆಂದು ಅರಸನು ತಾನು ಮಾಡಿದ ಅನ್ಯಾಯಗಳನ್ನೇ ಎಣಿಸುತ್ತಾನೆ: ದ್ರೌಪದಿಯ ಕೇಶಗ್ರಹಣ, ಬಾಲಕ ಅಭಿಮನ್ಯುವಿನ ವಧೆ, ಜೂಜಿನ ನೆವದ ವನವಾಸ. ಗುರುಪುತ್ರನು ಕೇಳುವುದಿಲ್ಲ. ಅಭಿಷೇಕವಿಲ್ಲದೆ, ಬರಿಯ ವಿಪ್ರವಾಕ್ಯದಿಂದಲೇ ದುರ್ಜಯನಿಗೆ ಪಟ್ಟ ಕಟ್ಟುತ್ತಾನೆ. ತನ್ನ ಮನದಾಸೆ ಈಡೇರಿತೆಂದು ದುರ್ಯೋಧನನೂ ಸಂತೋಷಪಡುತ್ತಾನೆ. ಪಾಂಡವಸೇವೆಯನ್ನು ಬೋಧಿಸಿದ ಬಾಯಲ್ಲಿಯೇ ಈ ಮಾತು. ತೊಡೆಯನ್ನು ಬೇಡಿಬಂದ ಹುಡುಗನಿಗೆ ರಾಜ್ಯವೆಂಬ ಹೊರೆಯು ಬೀಳುತ್ತದೆ. ಅವನನ್ನು ಯಾರೂ ಕೇಳಿದವರಿಲ್ಲ. ಬಳಿಕ ಅರಸನು ಕಣ್ಮುಚ್ಚುತ್ತಾನೆ. ಧೃತರಾಷ್ಟ್ರನು ತಪೋವನದ ದಾರಿ ಹಿಡಿಯುತ್ತಾನೆ. ಅಶ್ವತ್ಥಾಮನು ಬಾಣವನ್ನು ಕೈಗೆ ತೆಗೆದುಕೊಂಡು ಮಲಗಿದವರನ್ನು ಕೊಲ್ಲಲು ಹೊರಡುತ್ತಾನೆ.