ಸಾಲಪತ್ರವೂ ಅಜ್ಜನ ಟ್ರಂಕೂ



ನಿವೃತ್ತಿಯ ನಂತರ ನನಗೆ ಅಂಟಿಕೊಂಡ ಹವ್ಯಾಸವೊಂದಿದೆ: ಹಳೆಯ ರೈಲ್ವೆ ಕಂಪನಿಗಳ ಸಾಲಪತ್ರ, ಷೇರುಪತ್ರಗಳ ಸಂಗ್ರಹ. ವಿದೇಶದಲ್ಲಿರುವ ಶಿಷ್ಯನೊಬ್ಬ ಈಚೆಗೆ ಸದರ್ನ್ ಮರಾಠಾ ರೈಲ್ವೆ ಕಂಪನಿಯ ಪತ್ರವೊಂದನ್ನು ಕಳುಹಿಸಿದ. ದಪ್ಪ ಕಾಗದ, ಅಂಚಿಗೆ ಬಳ್ಳಿಯ ಚಿತ್ತಾರ, ಕಂಪನಿಯ ಮುದ್ರೆ, ನಡುವೆ ಶಾಯಿಯಲ್ಲಿ ಬರೆದ ಯಾರೋ ಇಂಗ್ಲಿಷರ ಹೆಸರು. ಅದನ್ನು ಕಂಡೊಡನೆ ನಮ್ಮ ಹೊಸಪೇಟೆಯ ನಿಲ್ದಾಣ ಕಣ್ಣಮುಂದೆ ನಿಂತಿತು.

1876-78ರ ಭೀಕರ ಕ್ಷಾಮದಲ್ಲಿ ಬಳ್ಳಾರಿ ಸೀಮೆ ತತ್ತರಿಸಿತು. 1877ರಲ್ಲಿ ರಿಚರ್ಡ್ ಟೆಂಪಲ್ ಪರಿಹಾರ ಕಾಮಗಾರಿಯ ಕೂಲಿಯನ್ನು ದಿನಕ್ಕೆ ಒಂದು ಪೌಂಡ್ ಧಾನ್ಯದ ಮಟ್ಟಕ್ಕೆ ಇಳಿಸಿದ್ದ. ಎಂದರೆ ಸುಮಾರು 450 ಗ್ರಾಂ. 1880ರ ಕ್ಷಾಮ ಆಯೋಗವು ಬರಪೀಡಿತ ಪ್ರದೇಶಗಳಿಗೆ ರೈಲುಮಾರ್ಗ ಬೇಕೆಂದಿತು. 1882ರಲ್ಲಿ ಲಂಡನ್ನಿನಲ್ಲಿ ಈ ಕಂಪನಿ ಹುಟ್ಟಿತು. ಆ ದಶಕದಲ್ಲೇ ಬಳ್ಳಾರಿ, ಹೊಸಪೇಟೆ, ಗದಗಗಳನ್ನು ಮೀಟರ್ ಗೇಜ್ ಹಳಿ ಬೆಸೆಯಿತು. ಸಂಡೂರಿನ ಅದಿರೂ ಹಂಪಿಯ ಯಾತ್ರಿಕರೂ ಮುಂದೆ ಇದೇ ದಾರಿ ಹಿಡಿದರು. 1908ರಲ್ಲಿ ಕಂಪನಿಯು ಮದ್ರಾಸ್ ರೈಲ್ವೆಯೊಡನೆ ಸೇರಿ 'ಎಂ ಅಂಡ್ ಎಸ್ ಎಂ' ಆಯಿತು.

ಹಣ ಹೂಡಿದವರಿಗೆ ನಷ್ಟದ ಭಯ ಅಷ್ಟಾಗಿ ಇರಲಿಲ್ಲ. ರೈಲಿನ ಗಳಿಕೆ ಸಾಲದಿದ್ದರೆ ಖಾತರಿಯ ಬಡ್ಡಿಯನ್ನು ಭಾರತದ ಬೊಕ್ಕಸವೇ ತುಂಬಿಕೊಡಬೇಕು. ಬೊಕ್ಕಸವೆಂದರೆ ರೈತನ ಕಂದಾಯ. ಕಾಲುವೆಗಳೇ ಮೊದಲು ಬೇಕೆಂದು ಆರ್ಥರ್ ಕಾಟನ್ ವಾದಿಸಿದ್ದರು. ನಮ್ಮ ತುಂಗಭದ್ರೆಗೆ ಅಣೆಕಟ್ಟು ಬಂದುದು 1953ರಲ್ಲಿ. ಹಾಗೆಂದು ರೈಲನ್ನು ನಾನು ಹಳಿಯಲಾರೆ. ನಮ್ಮ ಮನೆಯ ಅನ್ನವೂ ಅದರಿಂದಲೇ ಬಂದದ್ದು.

ನನ್ನ ಅಜ್ಜ ಎಂ ಅಂಡ್ ಎಸ್ ಎಂ ಕಂಪನಿಯಲ್ಲಿ ಗ್ಯಾಂಗ್‌ಮನ್. ಪಾಪಿನಾಯಕನಹಳ್ಳಿಯ ಆಸುಪಾಸಿನಲ್ಲಿ ಬಿಸಿಲಿಗೆ ಬೆನ್ನೊಡ್ಡಿ ಹಳಿ ಕಾಯ್ದವರು. ಅವರ ಸೇವಾ ಪುಸ್ತಕ, ಹಿತ್ತಾಳೆಯ ಬಿಲ್ಲೆ ಒಂದು ಟ್ರಂಕಿನಲ್ಲಿದ್ದವು. 1978ರಲ್ಲಿ ಕಂಪ್ಲಿಯ ಮನೆ ಖಾಲಿಮಾಡುವಾಗ ನಾನೇ ಆ ಟ್ರಂಕನ್ನು ತೆರೆದೂ ನೋಡದೆ ಗುಜರಿಗೆ ತೂಗಿಸಿದೆ. ಸಂಜೆ ಅಪ್ಪ "ಟ್ರಂಕೆಲ್ಲಿ?" ಎಂದರು. ಹೇಳಿದೆ. ಅವರು ಬೈಯಲಿಲ್ಲ, ಆ ರಾತ್ರಿ ಊಟಕ್ಕೆ ಏಳಲಿಲ್ಲ. ಮರುದಿನ ಗುಜರಿಯವನಲ್ಲಿ ಓಡಿದೆ. ಕಾಗದವೆಲ್ಲ ಆಗಲೇ ಲಾರಿ ಹತ್ತಿತ್ತು.

ಹಂಪಿಯ ಪ್ರವಾಸದಲ್ಲಿ "ಕಂಬದ ಮೇಲೆ ಗೀಚಬೇಡಿ, ಅದು ಇತಿಹಾಸ" ಎಂದು ನಿಮ್ಮನ್ನು ಗದರಿಸುತ್ತಿದ್ದ ಮೇಷ್ಟ್ರು ಮಾಡಿದ ಕೆಲಸವಿದು!

ಇಂದು ನನ್ನ ಬೀರುವಿನಲ್ಲಿ ಬಡ್ಡಿ ಉಂಡವರ ಹೆಸರು ಭದ್ರವಾಗಿದೆ. ಹಳಿ ಕಾಯ್ದವನ ಹೆಸರಿಲ್ಲ. ಮೊಮ್ಮಗ "ಈ ಪತ್ರಕ್ಕೆ ಎಷ್ಟು ಬೆಲೆ ಬರುತ್ತದೆ ತಾತ?" ಎಂದಾಗ ಉತ್ತರಿಸಲಾಗಲಿಲ್ಲ. ಒಂದು ಹಾಳೆಯಲ್ಲಿ ಅಜ್ಜನ ಹೆಸರು, ಕೆಲಸ, ಊರು ಬರೆದು ಆ ಪತ್ರದ ಜೊತೆಗಿಟ್ಟಿದ್ದೇನೆ.

ನಿಮ್ಮ ಅಟ್ಟದ ಮೇಲೂ ಇಂಥದೊಂದು ಟ್ರಂಕು ಇದ್ದೀತು. ತೂಗಿಸುವ ಮುನ್ನ ಒಮ್ಮೆ ತೆರೆದು ನೋಡಿರಿ.