ಬಿದ್ದರೆ ಎತ್ತಲಾಗುವಂಥ ಬೈಕು

ಮೂವತ್ತೆಂಟನೇ ವಯಸ್ಸಲ್ಲಿ ಮೊದಲ ಬೈಕು ತಗೊಳ್ತೀನಿ ಅಂದ್ರೆ ಜನ ನಗ್ತಾರೆ. ನಗಲಿ ಬಿಡಿ. ಆದರೆ ನಕ್ಕವರೆಲ್ಲ ಆಮೇಲೆ ಪುಕ್ಕಟೆ ಸಲಹೆಯನ್ನೂ ಕೊಟ್ಟರು. "ತಗೊಂಡ್ರೆ ಬುಲೆಟ್ಟೇ ತಗೋ ಮಾರಾಯ, ನಿನ್ನ ಹೊಟ್ಟೆಗೆ ಅದೇ ಒಪ್ಪೋದು" ಅಂದ ಒಬ್ಬ. "200 ಸಿಸಿಗಿಂತ ಕಮ್ಮಿ ತಗೋಬೇಡ, ವರ್ಷದಲ್ಲೇ ಬೇಜಾರಾಗತ್ತೆ" ಅಂದ ಇನ್ನೊಬ್ಬ.

ಬೆಂಗಳೂರಲ್ಲಿ ಇದ್ದಷ್ಟು ದಿನ ಗೇರಿಲ್ಲದ ಸ್ಕೂಟರಲ್ಲೇ ಬದುಕು ಸಾಗಿತ್ತು. ಸಾಗರದ ಹತ್ತಿರದ ನಮ್ಮೂರಿಗೆ ವಾಪಸ್ ಬಂದ ಮೇಲೆ ಅದು ಕೈ ಕೊಡ್ತು. ಡಾಂಬರು ರಸ್ತೆಯಿಂದ ಮನೆಗೆ ಮೂರು ಕಿಲೋಮೀಟರ್ ಮಣ್ಣು ದಾರಿ. ಮಳೆಗಾಲದಲ್ಲಿ ಟ್ರ್ಯಾಕ್ಟರು ಕೊರೆದ ಗುಂಡಿಗೆ ಸ್ಕೂಟರಿನ ಪುಟ್ಟ ಚಕ್ರ ಇಳಿದರೆ ಕತೆ ಮುಗೀತು. ಬೈಕಿನ 18 ಇಂಚಿನ ಚಕ್ರ ಅದನ್ನ ದಾಟಿಕೊಂಡು ಹೋಗತ್ತೆ. ಹಾಗಾಗಿ ಬೈಕೇ ಬೇಕಾಯ್ತು.

ಇಷ್ಟು ವರ್ಷ ಯಾಕೆ ಕಲೀಲಿಲ್ಲ ಅಂತ ಕೇಳಿದ್ರೆ ಒಂದು ಕಾರಣ ಇದೆ. ಇದುವರೆಗೆ ಯಾರಿಗೂ ಹೇಳಿಲ್ಲ.

2005ರ ಫೆಬ್ರವರಿ. ಚಿಕ್ಕಪ್ಪನ ಆರ್‌ಎಕ್ಸ್ 100 ಅಂಗಳದಲ್ಲಿ ನಿಂತಿತ್ತು, ಚಿಕ್ಕಪ್ಪ ಮಲಗಿದ್ದರು. ಹಿಂದೆ ಚಿಕ್ಕಪ್ಪನ ಮಗನನ್ನ ಕೂರಿಸಿಕೊಂಡು ಹೊರಟೆ. ಅವನಿಗೆ ಹದಿನೈದು ವರ್ಷ. ತೋಟದ ತಿರುವಲ್ಲಿ ಗಾಡಿ ನಿಂತುಹೋಯ್ತು. ಮತ್ತೆ ಸ್ಟಾರ್ಟ್ ಮಾಡಿ, ಆಕ್ಸಿಲರೇಟರ್ ಜೋರಾಗಿ ತಿರುವಿ, ಕ್ಲಚ್ಚನ್ನ ಒಮ್ಮೆಲೇ ಬಿಟ್ಟೆ. ಗಾಡಿ ಎಗರಿ ಸೀದಾ ಅಗಳಕ್ಕೆ ಬಿತ್ತು. ನನಗೆ ಮೊಣಕೈ ತರಚಿತು, ಅಷ್ಟೆ. ಅವನ ಬಲಗಾಲಿನ ಮೂಳೆ ಮುರೀತು, ರಾಡ್ ಹಾಕಿದರು. ಆ ವರ್ಷದ ಎಸ್ಸೆಸ್ಸೆಲ್ಸಿ ಪರೀಕ್ಷೆಯನ್ನ ಅವನು ಪೂರಕದಲ್ಲಿ ಬರೆದ. ಚಿಕ್ಕಪ್ಪ ನನಗೆ ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಈಗ ಬೈಕು ನೋಡೋಕೆ ಜೊತೆಗೆ ಬಂದವನೂ ಅವನೇ!

ಶಿವಮೊಗ್ಗದ ಶೋರೂಮಲ್ಲಿ ಕ್ಲಾಸಿಕ್ 350 ಮೇಲೆ ಕೂತೆ. ಹತ್ತು ಸೆಕೆಂಡು ರಾಜಕುಮಾರನ ಹಾಗಿದ್ದೆ. ಇವನು ಸುಮ್ಮನೆ, "ಅಣ್ಣ, ಇಂಜಿನ್ ಬಂದ್ ಇರ್ಲಿ, ಕೂತ್ಕೊಂಡೇ ಹಿಂದಕ್ಕೆ ತಳ್ಳು" ಅಂದ. ಹೊರಗೆ ಸಣ್ಣ ಇಳಿಜಾರು. ಗಾಡಿ 195 ಕೇಜಿ. ಒಂದಿಷ್ಟು ವಾಲಿತು ಅಷ್ಟೆ, ನನ್ನ ಎಡಗಾಲು ನಡುಗೋಕೆ ಶುರು. ಇವನೂ ಸೇಲ್ಸ್ ಹುಡುಗನೂ ಓಡಿಬಂದು ಹಿಡಿದರು.

ಟೀ ಕುಡೀತಾ ಅಂದ: "ನೀನು ಹೆಂಗಿದ್ರೂ ಒಂದ್ಸಲ ಬೀಳಿಸ್ತೀಯ. ಒಬ್ನೇ ಎತ್ತೋಕಾಗೋ ಗಾಡಿ ತಗೋ."

ಇದಕ್ಕಿಂತ ಒಳ್ಳೆ ಸಲಹೆ ನನಗೆ ಯಾರೂ ಕೊಟ್ಟಿಲ್ಲ. ಓಡುವಾಗ ಎಲ್ಲ ಗಾಡಿಯೂ ಹಗುರ. ಹೊಸಬರ ಗಾಡಿ ವಾಲೋದು ನಿಂತಾಗ, ಯೂ ಟರ್ನ್ ತಗೊಳ್ಳುವಾಗ. ಆಗ ಎರಡೂ ಪಾದ ನೆಲಕ್ಕೆ ಸರಿಯಾಗಿ ಊರಬೇಕು. ಸಿಸಿ ನೋಡಿ ಮೋಸ ಹೋಗಬಾರದು ಅಂತಲೂ ಅವನೇ ಹೇಳಿದ. ಆರ್‌ಎಕ್ಸ್ 100 ಇದ್ದದ್ದು 98 ಸಿಸಿ, ಸ್ಪ್ಲೆಂಡರ್ 97 ಸಿಸಿ. ಕಾಗದದ ಮೇಲೆ ಅಣ್ಣತಮ್ಮಂದಿರು. ಆದರೆ ಅದು ಟೂ ಸ್ಟ್ರೋಕು, 11 ಎಚ್‌ಪಿ, ತಿರುವಿದ ಕೂಡಲೇ ಹಾರತ್ತೆ. ಇದು ಸುಮಾರು 8, ಸಾಧು ಎತ್ತಿನ ಹಾಗೆ. ಕಲಿಯುವವರ ತಪ್ಪನ್ನ ಕ್ಷಮಿಸತ್ತೆ.

ಹೇಗೂ ಗೀರು ಬೀಳತ್ತೆ ಅಂತ ಸೆಕೆಂಡ್ ಹ್ಯಾಂಡ್ ಸ್ಪ್ಲೆಂಡರನ್ನೇ ಹುಡುಕಿದೆವು. 2021ರ ಗಾಡಿ, 112 ಕೇಜಿ. 2019ರ ಏಪ್ರಿಲ್‌ನಲ್ಲಿ 125 ಸಿಸಿವರೆಗಿನ ಗಾಡಿಗಳಿಗೆ ಕಾಂಬಿ ಬ್ರೇಕ್ ಅಥವಾ ಎಬಿಎಸ್ ಕಡ್ಡಾಯ ಆಯ್ತಲ್ಲ, ಅದಕ್ಕಿಂತ ಹಳೇದು ಬೇಡ ಅಂದ. ಗಾಬರಿಯಲ್ಲಿ ಹೊಸಬರು ಹಿಂದಿನ ಬ್ರೇಕನ್ನೇ ತುಳಿಯೋದು. ಕಾಂಬಿ ಇದ್ದರೆ ಮುಂದಿನದೂ ಜೊತೆಗೆ ಹಿಡಿಯತ್ತೆ. ಮಾರುವವರ ಮನೆಗೆ ಹೋದಾಗ ಅವನು ಮೊದಲು ಮುಟ್ಟಿದ್ದು ಇಂಜಿನ್ನನ್ನ. ಬಿಸಿ ಇದ್ದರೆ ಮೊದಲೇ ಸ್ಟಾರ್ಟ್ ಮಾಡಿಟ್ಟಿದ್ದಾರೆ ಅಂತ ಅರ್ಥವಂತೆ. ತಣ್ಣಗಿತ್ತು, ಒಂದೇ ಕಿಕ್ಕಿಗೆ ಶುರುವಾಯ್ತು. ಆರ್‌ಸಿ, ಇನ್ಶೂರೆನ್ಸು ನೋಡಿ ಮಾತು ಮುಗಿಸಿದೆವು.

ಗೇರ್ ಗಾಡಿಗೆ ಬೇರೆ ಎಲ್ಎಲ್ಆರ್ ಬೇಕು, ಮಾಡಿಸಿದೆ. ಊರ ಶಾಲೆಯ ಮೈದಾನದಲ್ಲಿ ಮೊದಲ ದಿನ ಪೂರ್ತಿ ಆಕ್ಸಿಲರೇಟರ್ ಮುಟ್ಟೋಕೆ ಬಿಡಲಿಲ್ಲ. ಬರೀ ಕ್ಲಚ್. ಕೂದಲೆಳೆಯಷ್ಟು ಬಿಡು, ಗಾಡಿ ತಾನಾಗೇ ನಡೆಯುತ್ತೆ, ಮತ್ತೆ ಹಿಡಿ. ಹತ್ತೊಂಬತ್ತು ವರ್ಷದವನಾಗಿದ್ದಾಗ ಯಾರಾದ್ರೂ ಇದನ್ನ ಹೇಳಿಕೊಟ್ಟಿದ್ದರೆ...

ಎರಡು ಸಲ ಬೀಳಿಸಿದೆ. ಕೀ ಬಂದ್ ಮಾಡಿ, ಹ್ಯಾಂಡಲ್ಲೂ ಹಿಂದಿನ ಕಂಬಿಯೂ ಹಿಡಿದು, ಬೆನ್ನು ಬಗ್ಗಿಸದೆ ಕಾಲಿನ ಬಲದಲ್ಲಿ ಎರಡು ಸಲವೂ ಒಬ್ಬನೇ ಎತ್ತಿದೆ. ಅವನು ದೂರದಲ್ಲಿ ಕೈ ಕಟ್ಟಿ ನಿಂತಿದ್ದ.

ಹೋದ ತಿಂಗಳು ಡಿಎಲ್ ಬಂತು. ಸಂಜೆ ಅವನು ಹೆಲ್ಮೆಟ್ ಹಿಡ್ಕೊಂಡು ಬಂದು, "ನಡಿ ಅಣ್ಣ, ಮನೆಗೆ ಬಿಡು" ಅಂದ. ನನಗೆ ಮಾತೇ ಹೊರಡಲಿಲ್ಲ. ಅವನು ರಾಡ್ ಹಾಕಿದ ಕಾಲನ್ನ ನಿಧಾನಕ್ಕೆ ಆಚೆ ದಾಟಿಸಿ ಕೂತ. ತೋಟದ ತಿರುವು ಬಂತು. ಇಬ್ಬರೂ ಮಾತಾಡಲಿಲ್ಲ. ಅಗಳ ದಾಟಿದ ಮೇಲೆ ಹಿಂದಿನಿಂದ ಒಂದೇ ಮಾತು ಕೇಳಿಸ್ತು.

"ಈಗ ಮೂರನೇ ಗೇರ್ ಹಾಕು."

ಹಾಕಿದೆ. ನಿಮ್ಮ ಮೊದಲ ಗಾಡಿ ಯಾವುದು? ಬೀಳಿಸಿದಾಗ ಎತ್ತೋಕೆ ಯಾರಿದ್ದರು?