ಕೀಬೋರ್ಡ್ ಬಿಡಲೊಲ್ಲದವರು

ಪ್ರೀತಿಯ ಪುಟ್ಟಿ,

ಟೀಮ್ ಲೀಡ್ ಮಾಡ್ತೀವಿ ಅಂದರೆ ಬೇಡ ಅಂದೆಯಂತೆ! ಚಿಕ್ಕಮ್ಮ ಫೋನಿನಲ್ಲಿ ಒಂದೇ ಗೋಳು: "ರಾತ್ರಿಯೆಲ್ಲ ಕೂತು ಲಾಗ್ ನೋಡೋದರಲ್ಲಿ ಅವಳಿಗೇನು ಸುಖ?" ನಾನು ಹೂಂಗುಟ್ಟುತ್ತಿದ್ದೆ. ಒಳಗೊಳಗೆ ಮಾತ್ರ ನಿನ್ನ ಪಕ್ಷ ಕಣೇ.

ನಿನ್ನಂಥ ಹಟಮಾರಿಗಳನ್ನು ಹೇಗಪ್ಪಾ ಉಳಿಸಿಕೊಳ್ಳೋದು ಅಂತ ಅಮೆರಿಕದ ಸೈನ್ಯವೇ ತಲೆ ಕೆಡಿಸಿಕೊಂಡಿದೆ, ಗೊತ್ತಾ? ಮೇರಿಲ್ಯಾಂಡಿನ ಫೋರ್ಟ್ ಮೀಡ್‌ನಲ್ಲಿರುವ ಅವರ ಸೈಬರ್ ಕಮಾಂಡ್, ತನ್ನ 133 ತಂಡಗಳೂ ಸಜ್ಜಾದವು ಎಂದು 2018ರಲ್ಲಿ ಸಾರಿತು. ಕಟ್ಟಿದ್ದಾಯಿತು, ಪಳಗಿದ ಕೈಗಳು ನಿಲ್ಲಬೇಕಲ್ಲ! ಎದುರಾಳಿಯ ಜಾಲದೊಳಗೆ ನುಸುಳಿ ಕೆಲಸ ಮಾಡುವ ಒಬ್ಬ ಆಪರೇಟರ್ ತಯಾರಾಗಲು ವರ್ಷಕ್ಕೂ ಮೇಲೆ ಹಿಡಿಯುತ್ತದೆ, ಲಕ್ಷಗಟ್ಟಲೆ ಡಾಲರ್ ಸುರಿಯಬೇಕು. ಕಲಿಸಿದ ಮೇಲೆ ಎಷ್ಟು ವರ್ಷ ಇರಲೇಬೇಕು? ನೌಕಾಪಡೆ, ವಾಯುಪಡೆಗಳಲ್ಲಿ 3 ವರ್ಷದ ಕರಾರು. ಮರೀನ್ ಪಡೆಯಲ್ಲಿ ಅಂಥ ನಿಯಮವೇ ಇಲ್ಲ, ಭೂಸೇನೆಯದು ಗೋಜಲು ಎಂದು 2022ರಲ್ಲಿ ಅಲ್ಲಿನ ಸರ್ಕಾರಿ ಲೆಕ್ಕಪರಿಶೋಧಕರು ಎತ್ತಿ ತೋರಿಸಿದರು. ಆಡಿಟ್‌ನವರ ಕಣ್ಣು ಎಲ್ಲ ದೇಶದಲ್ಲೂ ಒಂದೇ ನೋಡು!

ಹೊರಗೆ ಸಂಬಳ ಹೆಚ್ಚು, ಅದೊಂದು ಸೆಳೆತ, ನಿಜ. ನನಗೆ ಹೆಚ್ಚು ಸಂಕಟವಾಗುವುದು ಇನ್ನೊಂದಕ್ಕೆ. ಸೈನ್ಯದಲ್ಲಿ ಎರಡು ಮೂರು ವರ್ಷಕ್ಕೊಮ್ಮೆ ವರ್ಗ. ಚೆನ್ನಾಗಿ ದುಡಿದರೆ ಬಡ್ತಿ. ಬಡ್ತಿ ಬಂತೆಂದರೆ ಕೀಬೋರ್ಡ್ ಹೋಗಿ ಕಡತ, ಮೀಟಿಂಗು, ಮತ್ತೊಂದು ಮೀಟಿಂಗು. ವಿದ್ಯೆ ಕೈಗೆ ಕೂರುವ ಹೊತ್ತಿಗೆ ಆಳು ಬೇರೆ ಕುರ್ಚಿಯಲ್ಲಿ! ಒಳ್ಳೆಯ ಕೆಲಸಗಾರರಿಗೆ ಅವರ ಕೆಲಸವನ್ನೇ ಕಿತ್ತುಕೊಂಡು ಬಹುಮಾನ ಕೊಡುವ ಈ ಪದ್ಧತಿ ನನಗಂತೂ ಅರ್ಥವೇ ಆಗುವುದಿಲ್ಲ.

ವಾಯುಪಡೆಯವರು ಇದಕ್ಕೆ ಅಟ್ಟದ ಮೇಲಿಟ್ಟಿದ್ದ ಹುದ್ದೆಯೊಂದನ್ನು ಕೆಳಗಿಳಿಸಿದ್ದಾರೆ: ವಾರಂಟ್ ಆಫೀಸರ್. 1959ರಲ್ಲಿ ಈ ನೇಮಕಾತಿಯನ್ನೇ ನಿಲ್ಲಿಸಿದ್ದರು. 2024ರಲ್ಲಿ ಐಟಿ, ಸೈಬರ್ ಕೆಲಸಕ್ಕೆಂದೇ ಮತ್ತೆ ಶುರು. ಅಲಬಾಮಾದ ಮ್ಯಾಕ್ಸ್‌ವೆಲ್ ನೆಲೆಯಲ್ಲಿ ತರಬೇತಿ ಮುಗಿಸಿ ಮೊದಲ ತಂಡ ಅದೇ ಡಿಸೆಂಬರಿನಲ್ಲಿ ಹೊರಬಂತು. ಅಧಿಕಾರಿಯ ಮರ್ಯಾದೆಯೂ ಉಂಟು, ಕಸುಬೂ ಕೈಯಲ್ಲೇ ಇರುತ್ತದೆ. ಓದುತ್ತಾ ನೀನೇ ನೆನಪಾದೆ.

ನಿಮ್ಮ ಆಫೀಸಿನಲ್ಲೂ ಇಂಥದ್ದೊಂದು ದಾರಿ ಇದೆಯಾ ಅಂತ ಬಾಯಿಬಿಟ್ಟು ಕೇಳು. ಬಡ್ತಿ ಬೇಡ ಅಂದವಳು ಸಂಬಳವೂ ಬೇಡ ಅಂದಿಲ್ಲ, ಅದನ್ನೂ ಸ್ಪಷ್ಟವಾಗಿ ಹೇಳು. ಅವರು ಏನಂದರು ಅಂತ ತಪ್ಪದೇ ಬರಿ.

ನಿನ್ನ
ಅಕ್ಕ